ಬರೆಯುವ ಕೈ, ಓದಿ ಹೇಳುವ ದನಿ

ಮೂಡುಬಿದಿರೆಯ ಧವಳ ಗ್ರಂಥಗಳ ಕಥೆಯನ್ನು ಯಾರು ಹೇಳಿದರೂ ಅದರಲ್ಲಿ ಸೇಠರ ಹೆಸರು ಬರುತ್ತದೆ, ಪಂಡಿತರ ಹೆಸರು ಬರುತ್ತದೆ, ಬಸದಿಯ ಹೆಸರು ಬರುತ್ತದೆ. ಲಕ್ಷ್ಮೀಬಾಯಿ ಎಂಬ ಹೆಸರು ಒಂದೇ ವಾಕ್ಯದಲ್ಲಿ ಬಂದು ಮುಗಿದುಹೋಗುತ್ತದೆ. ಮಗಳು ಕ್ಯಾಲಿಗ್ರಫಿ ಕಲಿಯಲು ಕೂತ ಮೇಲೆ ಆ ಒಂದು ವಾಕ್ಯವನ್ನು ದಾಟಿ ಮುಂದೆ ಓದಲು ನನ್ನಿಂದ ಆಗುತ್ತಿಲ್ಲ.

ಷಟ್ಖಂಡಾಗಮ ದಿಗಂಬರ ಜೈನರ ಬಹಳ ಹಳೆಯ ಸಿದ್ಧಾಂತ ಗ್ರಂಥ. ಅದಕ್ಕೆ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನವೇ ಧವಳಾ; 72,000 ಶ್ಲೋಕಗಳಷ್ಟು ಉದ್ದದ್ದು. ಆಮೇಲೆ ಅವರು ಕೈಗೆತ್ತಿಕೊಂಡ ಜಯಧವಳಾ ಇನ್ನೂ ಮುಗಿಯುವ ಮೊದಲೇ ತೀರಿಕೊಂಡರು. ಅದನ್ನು 837ರಲ್ಲಿ ಮುಗಿಸಿದವರು ಶಿಷ್ಯ ಜಿನಸೇನರು. ಭಾಷೆ ಪ್ರಾಕೃತ, ನಡುನಡುವೆ ಸಂಸ್ಕೃತ. ಆದರೆ ನಮ್ಮ ಕಾಲದವರೆಗೆ ಉಳಿದುಬಂದ ಓಲೆಗಳ ಲಿಪಿ ಹಳಗನ್ನಡದ್ದು. ಆ ಓಲೆಗಳಿದ್ದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ. ಸಿದ್ಧಾಂತ ಬಸದಿ ಎಂಬ ಹೆಸರೂ ಅದಕ್ಕೆ ಬಂದದ್ದು ಇದರಿಂದಲೇ. ಯಾತ್ರಿಕರು ಬರುತ್ತಿದ್ದರು, ಕಟ್ಟು ಬಿಚ್ಚಿ ತೋರಿಸಿದಾಗ ಕೈಮುಗಿಯುತ್ತಿದ್ದರು, ಕಾಣಿಕೆ ಹಾಕಿ ಹೋಗುತ್ತಿದ್ದರು. ಓದಬಲ್ಲವರು ಬಹಳ ಕಡಿಮೆ.

ಓಲೆಗೆ ಹುಳ ಹಿಡಿಯುತ್ತದೆ, ಅಂಚು ಮುರಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಥಂಡಿಯನ್ನು ಏಳೆಂಟು ಶತಮಾನ ತಾಳಿಕೊಂಡದ್ದೇ ಹೆಚ್ಚು. ಇದನ್ನು ಕಂಡು ಸಂಕಟಪಟ್ಟವರು ಮುಂಬಯಿಯ ಸೇಠ್ ಮಾಣಿಕಚಂದ್ ಮತ್ತು ಸೋಲಾಪುರದ ಸೇಠ್ ಹೀರಾಚಂದ್ ನೇಮಚಂದ್. ಅವರ ಪ್ರಯತ್ನದಿಂದ 1896ರಲ್ಲಿ ಪ್ರತಿ ಮಾಡುವ ಕೆಲಸ ಶುರುವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಜೊತೆಗೆ ಗಜಪತಿ ಉಪಾಧ್ಯಾಯರು ಬರೆಯಲು ಕೂತರು. ಸ್ವಲ್ಪ ಕಾಲದಲ್ಲೇ ಬ್ರಹ್ಮಸೂರಿ ಶಾಸ್ತ್ರಿಗಳು ತೀರಿಕೊಂಡರು. ಗಜಪತಿ ಉಪಾಧ್ಯಾಯರು ಬಿಡಲಿಲ್ಲ. ಇತರ ಲಿಪಿಕಾರರೂ ಸೇರಿಕೊಂಡು ಧವಳಾ, ಜಯಧವಳಾ, ಮಹಾಬಂಧ ಎಂಬ ಮೂರೂ ಗ್ರಂಥಗಳ ಪ್ರತಿ ಮುಗಿಯುವಾಗ 1922 ಬಂದಿತ್ತು. ಇಪ್ಪತ್ತಾರು ವರ್ಷ!

ಆದರೆ ಆ ಪ್ರತಿಗಳೂ ಹೊರಗೆ ಹೋಗುವಂತಿರಲಿಲ್ಲ. ಗ್ರಂಥ ಊರು ಬಿಟ್ಟರೆ ಕ್ಷೇತ್ರದ ಮಹಿಮೆಯೂ ಹೊರಟುಹೋದೀತು ಎಂಬ ಭಯ. ಆಗ ಗಜಪತಿ ಉಪಾಧ್ಯಾಯರು ಒಂದು ಕೆಲಸ ಮಾಡಿದರು. ಒಪ್ಪಿಸಬೇಕಾದ ಪ್ರತಿಯ ಜೊತೆಜೊತೆಗೇ, ಯಾರಿಗೂ ಹೇಳದೆ, ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಬೆಳೆಯಿತು. ಅದು ಬೆಳೆದದ್ದು ಅವರ ಹೆಂಡತಿ ಲಕ್ಷ್ಮೀಬಾಯಿಯವರ ಸಹಾಯದಿಂದ. ದಾಖಲೆಯಲ್ಲಿರುವ ಆ ಒಂದು ವಾಕ್ಯ ಇದೇ.

ಆ ಪ್ರತಿ ಕೊನೆಗೆ ಉತ್ತರದ ಸಹಾರನಪುರಕ್ಕೆ ಹೋಗಿ ಲಾಲಾ ಜಂಬೂಪ್ರಸಾದರ ಆಶ್ರಯ ಸೇರಿತು. ಅಲ್ಲಿ ಕನ್ನಡ ಲಿಪಿ ಬಲ್ಲ ವಿಜಯಚಂದ್ರಯ್ಯ, ನಾಗರಿ ಬರೆಯುವ ಸೀತಾರಾಮ ಶಾಸ್ತ್ರಿ ಜೋಡಿಯಾಗಿ ಕೂತು ಅದನ್ನು ನಾಗರಿಗೆ ತಂದರು. ಅಲ್ಲಿಂದ ಮತ್ತೆ ಪ್ರತಿ, ಪ್ರತಿಯ ಪ್ರತಿ. 1939ರಲ್ಲಿ ಅಮರಾವತಿಯಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಳಾದ ಮೊದಲ ಸಂಪುಟ ಅಚ್ಚಾಗಿ ಬಂತು. ಆ ಕೆಲಸದಲ್ಲಿ ಅವರಿಗೆ ಹೆಗಲು ಕೊಟ್ಟ ಆ. ನೇ. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗಾದವರು. ಓದುಗರ ಕೈಗೆ ಗ್ರಂಥ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಕೊನೆಗೆ ಸಿಗುವುದು ಒಂದು ಮನೆಯ ಒಳಕೋಣೆ, ಗಂಡ ಹೆಂಡತಿ ಇಬ್ಬರ ದುಡಿಮೆ.

ಇದನ್ನು ಕಳವು ಅನ್ನುವವರಿದ್ದಾರೆ. ಬಸದಿಯವರ ನಂಬಿಕೆಗೆ ಪೆಟ್ಟಾದದ್ದು ನಿಜ, ಅದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಆದರೂ ಆ ಕಾಲದ ಒಬ್ಬ ಹೆಣ್ಣುಮಗಳು ಇಷ್ಟು ದೊಡ್ಡ ಗ್ರಂಥದ ಕೆಲಸವನ್ನು, ತನಗೆ ಹೆಸರು ಬರುವ ಕೆಲಸವಲ್ಲವೆಂದು ಗೊತ್ತಿದ್ದೂ, ಗಂಡನ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಸಾಗಿಸಿದ್ದನ್ನು ನೆನೆದರೆ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ಅಕ್ಷರ ಕಲಿತ ಹೆಂಗಸು ಅವರು. ಯಾರೋ ಕಲಿಸಿದ್ದಾರೆ, ಯಾವುದೋ ಮನೆ ಕಲಿಯಲು ಬಿಟ್ಟಿದೆ.

ನಾನು ಕಾರ್ಕಳದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ನಮ್ಮ ಯಜಮಾನರು, ಇವರದು ಪೇಟೆಯಲ್ಲಿ ಚಿಕ್ಕ ಪ್ರೆಸ್. ಮದುವೆ ಕಾಗದ, ಬಿಲ್‌ಪುಸ್ತಕ, ಬ್ರಹ್ಮಕಲಶದ ಆಮಂತ್ರಣ ಅಚ್ಚು ಹಾಕುತ್ತಾರೆ. ಮಗಳು ಎಂಟನೇ ಕ್ಲಾಸಿನಲ್ಲಿರುವಾಗ ನಿವೃತ್ತ ಡ್ರಾಯಿಂಗ್ ಮಾಸ್ಟ್ರೊಬ್ಬರ ಹತ್ತಿರ ಅಕ್ಷರ ಬರೆಯುವುದನ್ನು ಕಲಿಯುತ್ತೇನೆ ಅಂದಳು. ಮಾಸ್ಟ್ರು ಮೊದಲು ಕೊಟ್ಟ ಪಾಠ ತಲೆಕಟ್ಟು. ಬರೇ ತಲೆಕಟ್ಟು. ಬಿದಿರಿನ ಲೆಕ್ಕಣಿಕೆಯ ತುದಿ ಚಪ್ಪಟೆ ಕೊಯ್ದು, ಒಂದೇ ಓರೆಯಲ್ಲಿ ಹಿಡಿದು, ಸಣ್ಣಗೆ ಶುರುಮಾಡಿ ದಪ್ಪಕ್ಕೆ ತಂದು ಮೇಲಕ್ಕೆ ಎತ್ತಿ ಬಿಡಬೇಕು. ತಿಂಗಳುಗಟ್ಟಲೆ ಹಾಳೆ ತುಂಬ ತಲೆಕಟ್ಟು. ಆಮೇಲೆ ಇಳಿ, ಗುಡಿಸು, ಕೊಂಬು. ಕಾಗುಣಿತವನ್ನು ಮಕ್ಕಳ ಬಾಯಲ್ಲಿ ಹೇಳಿಸುವವಳು ನಾನು. ಅವು ಒಂದೊಂದೂ ಕೈಯ ಒಂದೊಂದು ಚಲನೆ ಎಂಬುದನ್ನು ಅವಳು ಬರೆಯುವಾಗ ಕಣ್ಣಾರೆ ಕಂಡೆ.

ಹಳೆಯ ಕಾಲದಲ್ಲಿ ಓಲೆ ಬರೆಯುವುದು ಒಬ್ಬರಿಂದ ಆಗುವ ಕೆಲಸವೇ ಆಗಿರಲಿಲ್ಲ. ಶ್ರೀತಾಳೆಯ ಎಳೆಗರಿ ಕೊಯ್ದು, ಕಡ್ಡಿ ಬಿಡಿಸಿ, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು ದಾರ ಪೋಣಿಸಬೇಕು. ಬರೆಯುವವನು ಎಡಗೈಯಲ್ಲಿ ಗರಿ ಹಿಡಿದು ಬಲಮುಷ್ಟಿಯಲ್ಲಿ ಕಂಠವೆಂಬ ಕಬ್ಬಿಣದ ಲೇಖನಿ ಹಿಡಿಯುತ್ತಾನೆ. ಕಂಠವನ್ನು ಎಡಗೈಯ ಹೆಬ್ಬೆರಳು ಒತ್ತಿ ನಡೆಸುತ್ತದೆ. ಸಾಲು ಮುಂದೆ ಹೋದಂತೆ ಗರಿ ಹಿಂದಕ್ಕೆ ಸರಿಯುತ್ತದೆ. ಕೊರೆದ ಗೆರೆ ಹಾಗೆಯೇ ನೋಡಿದರೆ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಬಳಿದು ಒರೆಸಿದರೆ ಅಕ್ಷರ ಎದ್ದು ಬರುತ್ತದೆ. ಗರಿ ತರುವವರು, ಬೇಯಿಸುವವರು, ಕಾಡಿಗೆ ಕೂಡಿಡುವವರು, ಮೂಲ ಓಲೆಯನ್ನು ದನಿಯೆತ್ತಿ ಓದುವವರು, ಬರೆದದ್ದನ್ನು ಒಪ್ಪ ನೋಡುವವರು. ಗ್ರಂಥದ ಕೊನೆಯಲ್ಲಿ ಲಿಪಿಕಾರ ತನ್ನ ಬೆನ್ನುನೋವನ್ನು, ಕತ್ತುನೋವನ್ನು ಹೇಳಿಕೊಂಡು, ನೀರಿನಿಂದ ಎಣ್ಣೆಯಿಂದ ಇದನ್ನು ಕಾಪಾಡಿ, ತಪ್ಪಿದ್ದರೆ ಮನ್ನಿಸಿ ಎಂದು ಬೇಡುವುದು ರೂಢಿ. ಗರಿ ಬೇಯಿಸಿದವಳ ಕೈ ಸುಟ್ಟದ್ದನ್ನು ಅಲ್ಲಿ ಬರೆದದ್ದು ನಾನು ಓದಿಲ್ಲ.

ಶ್ರೀತಾಳೆ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂ ಬಿಡುವ ಮರ. ಎಷ್ಟೋ ದಶಕ ಬೆಳೆದು, ನೆತ್ತಿಯಲ್ಲಿ ಗುಡ್ಡದಷ್ಟು ಹೂ ತಳೆದು, ಕಾಯಿ ಉದುರಿಸಿ ಒಣಗಿಹೋಗುತ್ತದೆ. ಹೂ ಬಿಟ್ಟರೆ ಊರಿಗೆ ಕೇಡು ಎಂದು ನಮ್ಮ ಕಡೆ ಅನೇಕರು ಅದನ್ನು ಕಡಿದುಹಾಕಿದ್ದಾರೆ. ಕಡಿದಾಗ ಬೀಜವೂ ಇಲ್ಲ. ಅಕ್ಷರ ಹೊತ್ತ ಮರಕ್ಕೆ ಹೀಗಾದದ್ದು ನನಗೆ ಇವತ್ತಿಗೂ ನುಂಗಲಾರದ ಸಂಗತಿ.

ಕೆಲಸಕ್ಕೆ ಹಣ ಕೊಟ್ಟವರ ಹೆಸರಾದರೂ ಉಳಿದಿದೆ, ಅವರಲ್ಲಿ ಹೆಂಗಸರೂ ಇದ್ದಾರೆ. ಹತ್ತನೆಯ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ರನ್ನ ಅವಳನ್ನು ಹೊಗಳಿದ್ದಾನೆ, ಲಕ್ಕುಂಡಿಯ 1007ರ ಶಾಸನ ಹೊಗಳಿದೆ. ಮೂಡುಬಿದಿರೆಯ ಮಹಾಬಂಧದ ಓಲೆಯನ್ನು ಬರೆಸಿ ಮಾಘನಂದಿ ಮುನಿಗೆ ಕೊಟ್ಟವಳು ಮಲ್ಲಿಕಬ್ಬೆ, ಶ್ರೀಪಂಚಮಿ ನೋಂಪಿ ಎಂಬ ವ್ರತದ ಉದ್ಯಾಪನೆಗೆಂದು. ಸಾವಿರ ಪ್ರತಿ ಅನ್ನುವುದನ್ನು ಶಾಲೆಯಲ್ಲಿ ನಾವು ಒಂದೇ ಉಸಿರಿಗೆ ಹೇಳಿ ಮುಗಿಸುತ್ತೇವೆ. ಅದಕ್ಕೆ ಎಷ್ಟು ಮನೆಗಳು ಒಲೆಯ ಮೇಲೆ ಗರಿ ಬೇಯಿಸಿರಬೇಕು!

ಇನ್ನು ಮಕ್ಕಳ ವಿಷಯ. ನಮ್ಮ ನಾಡಿನ ಮಕ್ಕಳು ಅಕ್ಷರ ಬರೆಯಲು ಹೇಗೆ ಕಲಿಯುತ್ತಿದ್ದರು ಎಂಬುದಕ್ಕೆ ನನಗೆ ತಿಳಿದ ಅತ್ಯುತ್ತಮ ಬರವಣಿಗೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರಲ್ಲಿ ಮದರಾಸಿಗೆ ಕಳಿಸಿದ ವರದಿ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು, ಅದರಲ್ಲಿ 235 ಕನ್ನಡದವು. ಓದುತ್ತಿದ್ದವರು 6,641 ಮಂದಿ. ಮಗುವಿಗೆ ಐದು ತುಂಬಿದಾಗ ಪಾಠ ಹೇಳುವ ಅಯ್ಯಗಳು ಮತ್ತು ಶಾಲೆಯ ಹುಡುಗರು ಮಗುವಿನ ಮನೆಗೆ ಬರುತ್ತಾರೆ. ಗಣಪತಿಯ ಸುತ್ತ ಕೂರುತ್ತಾರೆ. ಧೂಪ ಹಾಕಿ, ಪ್ರಾರ್ಥನೆ ಹೇಳಿಸಿ, ಅಯ್ಯಗಳು ಮಗುವಿನ ಬೆರಳು ಹಿಡಿದು ಹರಡಿದ ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಾರೆ. ಅಂದರೆ ಮೊದಲ ಅಕ್ಷರ ಬಿದ್ದದ್ದು ಶಾಲೆಯಲ್ಲಲ್ಲ, ಮನೆಯ ಅಕ್ಕಿಯ ಮೇಲೆ, ಮನೆಯವರೆಲ್ಲರ ಕಣ್ಣೆದುರು.

ಆಮೇಲೆ ಮರಳಿನ ಮೇಲೆ ಬೆರಳು. ಅದು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ನಯಮಾಡಿ ಅನ್ನ ಮತ್ತು ಇದ್ದಿಲ ಪುಡಿ ಬಳಿದರೆ ಸಿದ್ಧ. ಕಡತವೆಂದರೆ ಬಟ್ಟೆಗೆ ಗಂಜಿ ಹಾಕಿ ಬಿರುಸಾಗಿಸಿ, ಪುಸ್ತಕದ ಹಾಗೆ ಮಡಿಕೆ ಮಾಡಿ, ಇದ್ದಿಲು ಮತ್ತು ಅಂಟು ಬೆರೆಸಿ ಬಳಿದದ್ದು. ಎರಡರ ಮೇಲೂ ಬರೆಯುವುದು ಬಳಪದಲ್ಲಿ, ಅಳಿಸುವುದು ಒದ್ದೆ ಬಟ್ಟೆಯಲ್ಲಿ. ಬರೀ ಮಕ್ಕಳಿಗಲ್ಲ, ಅಂಗಡಿಯ ಲೆಕ್ಕಕ್ಕೂ ಮಠದ ಲೆಕ್ಕಕ್ಕೂ ಕಡತವೇ ಆಗಬೇಕಿತ್ತು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇವತ್ತಿಗೂ ದೊಡ್ಡ ಆಕರ. ಇನ್ನು ಗದುಗಿನ ಕುಮಾರವ್ಯಾಸ ಹಲಗೆ ಬಳಪ ಹಿಡಿಯದೆ ಬರೆದ ತನ್ನ ಹಿರಿಮೆಯನ್ನು ಕಾವ್ಯದಲ್ಲೇ ಹೇಳಿಕೊಂಡಿದ್ದಾನೆ. ಉಳಿದ ಕವಿಗಳು ಮೊದಲು ಹಲಗೆಯ ಮೇಲೆ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಇಳಿಸುತ್ತಿದ್ದರು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಮಗಳಿಗೆ ಇದನ್ನು ಹೇಳಿದಾಗ ಅವಳು ಸೀದಾ ಅಪ್ಪನ ಹತ್ತಿರ ಹೋಗಿ, ‘ನನಗೊಂದು ಹಲಗೆ ಬೇಕು’ ಅಂದಳು. ಇವರು ಪ್ರೆಸ್ಸಿನಲ್ಲಿ ಮೂಲೆಗೆ ಬಿದ್ದಿದ್ದ ಹಲಸಿನ ಹಲಗೆಯೊಂದನ್ನು ಆಚಾರಿಯ ಹತ್ತಿರ ಕೀಸುಳಿ ಹೊಡೆಸಿ ತಂದರು. ಅನ್ನ, ಇದ್ದಿಲು ಬಳಿದದ್ದು ನಮ್ಮತ್ತೆ. ಅವರ ಸಣ್ಣ ಪ್ರಾಯದಲ್ಲಿ ಮನೆಯಲ್ಲಿ ಅಂಥ ಹಲಗೆ ಇತ್ತಂತೆ, ಅದರ ಮೇಲೆ ಬರೆಯುತ್ತಿದ್ದದ್ದು ಅಣ್ಣಂದಿರು ಮಾತ್ರ.

ಕ್ಯಾಂಬೆಲನ ವರದಿಯಲ್ಲಿ ಮನಸ್ಸು ಕಲಕುವ ಭಾಗ ಮುಂದಿದೆ. ಎಷ್ಟೋ ಹಳ್ಳಿಗಳಲ್ಲಿ ಮೊದಲು ಶಾಲೆ ಇತ್ತು, ಈಗಿಲ್ಲ ಎನ್ನುತ್ತಾನೆ. ಕಾರಣವನ್ನೂ ಮುಚ್ಚಿಡದೆ ಹೇಳುತ್ತಾನೆ: ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ಕೈ ಬರಿದಾಯಿತು, ನಾಡಿನ ಹಣ ನಾಡಿನಲ್ಲಿ ನಿಲ್ಲಲಿಲ್ಲ, ಬಡತನಕ್ಕೆ ಬಿದ್ದ ಮನೆಯವರು ಮಕ್ಕಳ ಕೈಕಾಲು ಗಟ್ಟಿಯಾಗುವ ಮೊದಲೇ ಅವರನ್ನು ದುಡಿಮೆಗೆ ಹಚ್ಚಿದರು. ಇಂಗ್ಲಿಷ್ ಅಧಿಕಾರಿಯೊಬ್ಬ ತನ್ನ ಸರಕಾರಕ್ಕೇ ಬರೆದ ಮಾತು ಇದು. ಬಳಪ ಹಿಡಿದ ಮಗುವಿನ ಕೈಯನ್ನು ಕೆಳಗಿಳಿಸಿದ್ದು ದಡ್ಡತನವಲ್ಲ, ನಿಂತುಹೋದ ಮಗ್ಗ. ನನ್ನ ಕ್ಲಾಸಿನಲ್ಲೂ ಬೀಡಿ ಸುತ್ತಲು ಕೂತು ಹೋಂವರ್ಕ್ ಬಿಟ್ಟ ಹುಡುಗಿಯರಿದ್ದರು. ಅಕ್ಷರ ದುಂಡಗಿಲ್ಲ ಎಂದು ಅವರನ್ನು ಬೈಯಲು ನನಗೆ ಎಂದೂ ಬಾಯಿ ಬರಲಿಲ್ಲ.

ಆ 6,641 ಮಂದಿಯಲ್ಲಿ ಹುಡುಗಿಯರು ಎಷ್ಟು? ಅರುವತ್ತು. ಲಕ್ಷ್ಮೀಬಾಯಿಯ ವಾಕ್ಯದ ಪಕ್ಕದಲ್ಲಿ ನಾನು ಈ ಸಂಖ್ಯೆಯನ್ನು ಇಟ್ಟು ನೋಡುತ್ತೇನೆ. ಎರಡಕ್ಕೂ ನಡುವೆ ಮುಕ್ಕಾಲು ಶತಮಾನದ ಅಂತರ, ಬೇರೆ ಸೀಮೆ, ಬೇರೆ ಜನ. ಆದರೆ ಶಾಲೆಯ ಬಾಗಿಲು ಹೀಗಿದ್ದ ನಾಡಿನಲ್ಲಿ ಹೆಣ್ಣುಮಗಳೊಬ್ಬಳಿಗೆ ಅಕ್ಷರ ಬಂದರೆ ಅದು ಬಹುಮಟ್ಟಿಗೆ ಮನೆಯೊಳಗಿಂದಲೇ ಬಂದಿರಬೇಕು: ಅಪ್ಪನಿಂದ, ಅಣ್ಣನಿಂದ, ಗಂಡನಿಂದ.

ಅಚ್ಚು ಬಂದ ಮೇಲೆ ಕೈಬರಹ ಮುಗಿಯಿತು ಅನ್ನುತ್ತಾರೆ. ಕರಾವಳಿಯಲ್ಲಿ ಹಾಗಾಗಲಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಶುರುಮಾಡಿದ್ದು ಕಲ್ಲಚ್ಚು. ಅದೇ ಮಿಶನ್ನಿನ ಮೋಗ್ಲಿಂಗರ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಬಂದದ್ದೂ ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಮೊಳೆ ಇಲ್ಲ. ಯಾರೋ ಕೈಯಲ್ಲಿ ಬರೆದ ಅಕ್ಷರವೇ ಕಲ್ಲಿನ ಮೇಲೆ ಮೂಡಿ ಕಾಗದಕ್ಕೆ ಇಳಿಯುತ್ತದೆ. ಕನ್ನಡದ ಮೊದಲ ಪತ್ರಿಕೆಯನ್ನು ಓದಿದವರು ಓದಿದ್ದು ಒಬ್ಬ ಲಿಪಿಕಾರನ ಕೈಯನ್ನು. ಕಾಸಾಮೇಜರ್ ಎಂಬ ನಿವೃತ್ತ ಜಡ್ಜ್ ಹಣ ಕೊಟ್ಟು 1848ರಿಂದ ಮಾಡಿಸಿದ ಬಿಬ್ಲಿಯೊಥೆಕಾ ಕರ್ನಾಟಿಕಾ ಮಾಲೆಯ ಕನ್ನಡ ಕಾವ್ಯಗಳೂ ಕಲ್ಲಚ್ಚಿನವು. ಸಂಪಾದಕರ ಹೆಸರಿದೆ, ದಾನಿಯ ಹೆಸರಿದೆ. ಬರೆದ ಕೈಯ ಹೆಸರು? ಇವರು ಪ್ರೆಸ್ಸಿನವರಾದ್ದರಿಂದ ಈ ಕಥೆ ಕೇಳಿ ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಮಗಳಿಗೆ, ‘ಬರುವ ಸಲದ ನಮ್ಮ ಬಸದಿಯ ಆಮಂತ್ರಣದ ಮೇಲ್ಬರಹ ನೀನೇ ಬರಿ, ಕಂಪ್ಯೂಟರಿನದ್ದು ಬೇಡ’ ಅಂದರು. ಅವಳು ಬರೆದಳು. ‘ಶ್ರೀ’ ಅಕ್ಷರದ ಒತ್ತನ್ನು ಎಡಕ್ಕೆ ಎಳೆದು ಇಡೀ ಸಾಲಿನ ಕೆಳಗೆ ಹರಿಸಿದ್ದಳು. ಊರಿನ ಹಿರಿಯರೊಬ್ಬರು ಅದನ್ನು ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿಕೊಂಡಿದ್ದಾರೆ.

ದೆಹಲಿಯ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾರ ವಿಷಯವನ್ನು ಮಗಳೇ ಮೊದಲು ನನಗೆ ಹೇಳಿದ್ದು. 1901ರಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಸಾಕಿದವರಲ್ಲಿ ಮುಖ್ಯರಾದವರು ಅಜ್ಜ ರಾಮಪ್ರಸಾದ್ ಸಕ್ಸೇನಾ. ಪಾರಸಿ ಮತ್ತು ಇಂಗ್ಲಿಷ್ ಬಲ್ಲ ಪಂಡಿತರು, ಬರಹದ ಕಲೆಯಲ್ಲಿ ನುರಿತವರು. ಮೊಮ್ಮಗನ ಕೈಯನ್ನು ತಿದ್ದಿದ್ದು ಅವರೇ. ಆ ಮೊಮ್ಮಗ ಭಾರತದ ಸಂವಿಧಾನದ ಇಂಗ್ಲಿಷ್ ಮೂಲಪ್ರತಿಯನ್ನು, 395 ವಿಧಿ, 8 ಅನುಸೂಚಿಗಳನ್ನು, ಆರು ತಿಂಗಳು ಕೂತು ಒಂದು ಕೈಯಲ್ಲಿ ಬರೆದರು. ಪುಟಗಳ ಅಲಂಕಾರ ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರದ್ದು. ಸಂವಿಧಾನ ಸಭೆಯ ಸಲಹೆಗಾರರಾಗಿ ಮೊದಲ ಕರಡು ಸಿದ್ಧಮಾಡಿದ ಬೆನಗಲ್ ನರಸಿಂಗ ರಾಯರು ನಮ್ಮ ಮಂಗಳೂರಿನವರು ಎಂದು ಮಕ್ಕಳಿಗೆ ನಾವು ಹೆಮ್ಮೆಯಿಂದ ಹೇಳುತ್ತೇವೆ. ಬರೆದ ಕೈಯ ಹೆಸರನ್ನು ಪಾಠದಲ್ಲಿ ಹೇಳಿದ್ದು ಕಡಿಮೆ. ಏನು ಸಂಭಾವನೆ ಬೇಕು ಎಂದು ಕೇಳಿದಾಗ ರಾಯ್‌ಜಾದಾ ಒಂದು ಕಾಸೂ ಬೇಡವೆಂದರಂತೆ. ಪ್ರತಿ ಪುಟದಲ್ಲಿ ತನ್ನ ಹೆಸರು, ಕೊನೆಯ ಪುಟದಲ್ಲಿ ತನ್ನ ಹೆಸರಿನ ಜೊತೆ ಅಜ್ಜನ ಹೆಸರು ಬರೆಯಲು ಅನುಮತಿ ಬೇಕು ಎಂದಷ್ಟೇ ಕೇಳಿದರಂತೆ.

ಕಲಿಸಿದ ಮನೆಯ ಹೆಸರನ್ನು ಬರೆದವನೇ ಹಠಹಿಡಿದು ದಾಖಲೆಯೊಳಗೆ ಸೇರಿಸಿದ್ದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಇದೊಂದೇ. ಗಜಪತಿ ಉಪಾಧ್ಯಾಯರಿಗೆ ಅದು ಸಾಧ್ಯವಿರಲಿಲ್ಲ. ಗುಟ್ಟಾಗಿ ಬರೆದ ಪ್ರತಿಯಲ್ಲಿ ಹೆಂಡತಿಯ ಹೆಸರು ಹಾಕುವುದು ಹೇಗೆ? ಆದರೂ ಯಾರೋ ಒಬ್ಬರು ಆ ಹೆಸರನ್ನು ಮರೆಯದೆ ಇನ್ನೊಬ್ಬರಿಗೆ ಹೇಳಿದ್ದರಿಂದ ಅದು ನನ್ನವರೆಗೆ ಬಂದಿದೆ.

ಮಗಳು ಈಗ ಪಿಯುಸಿ. ನಮ್ಮತ್ತೆಗೆ ಬಾಯಿಪಾಠವಿದ್ದ ನೋಂಪಿಯ ಕಥೆಗಳನ್ನು ಒಂದು ಕೈಬರಹದ ಪುಸ್ತಕವಾಗಿ ಮಾಡಲು ಹೊರಟಿದ್ದಾಳೆ. ಮೊದಲ ಕಥೆಗಳನ್ನು ಅತ್ತೆಯೇ ನಿಧಾನವಾಗಿ ಹೇಳುತ್ತ ಹೋದರು, ಅವಳು ಹಲಗೆಯ ಮೇಲೆ ಬಳಪದಲ್ಲಿ ಸಾಲು ಕೂಡಿಸಿ ನೋಡಿ ಆಮೇಲೆ ಕಾಗದಕ್ಕೆ ಇಳಿಸಿದಳು. ಒತ್ತಕ್ಷರ ಸಾಲು ದಾಟಿ ಕೆಳಗಿನ ತಲೆಕಟ್ಟಿಗೆ ತಾಗದಂತೆ ಎಡೆ ಬಿಡುವುದು ಕನ್ನಡದಲ್ಲಿ ಬಹಳ ಕಷ್ಟದ ಲೆಕ್ಕ. ಮಾಸ್ಟ್ರು ಒಂದೊಂದು ಹಾಳೆ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸುತ್ತಾರೆ. ಅತ್ತೆಗೆ ಇತ್ತೀಚೆಗೆ ಹೆಚ್ಚು ಹೊತ್ತು ಮಾತಾಡಿದರೆ ದಮ್ಮು ಬರುತ್ತದೆ. ಅವರು ಹೇಳಿದ್ದನ್ನು ನಾನು ಹಗಲು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಂಡು ರಾತ್ರಿ ಅವಳಿಗೆ ಓದಿ ಹೇಳುತ್ತೇನೆ. ಪಾಠ ಹೇಳಿ ಅಭ್ಯಾಸವಾದ ನನ್ನ ಬಾಯಿ ಅವಳ ಕೈಗಿಂತ ಮುಂದೆ ಓಡುತ್ತದೆ.

‘ಅಮ್ಮಾ, ಮೆಲ್ಲ,’ ಅನ್ನುತ್ತಾಳೆ. ‘ಒತ್ತು ಬಂದಲ್ಲಿ ಒಂಚೂರು ನಿಲ್ಲು. ಹ್ಞಾಂ, ಈಗ ಮುಂದಿನದ್ದು ಎಂತ, ಹೇಳು.’